ನೋಡದೇ ಇರೋ ಗೆಳತಿ, ಆಕಿ ಅವ್ವಗ ನಮ್ಮನಿ ಊಟ: ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

"ಆನ್‌ಲೈನ್‌ನಾಗ ಪರಿಚಯ ಆದ ಗೆಳತಿ, ಆಕೀನ ಒಮ್ಮೆನೂ ಎದುರಿಗೆ ನೋಡಿಲ್ಲ, ಅಂಥಾದ್ರಾಗ ಆಕಿ ಅವ್ವನ್ನ ಮನಿಗೆ ಊಟಕ್ಕ ಕರದ್ಯಲ್ಲ, ಅಂಜಿಕಿ ಆಗ್ಲಿಲ್ಲೇನು? ಭಾಷೆ ಬರದೋರ ಜೊತಿ ಏನ್ ಮಾತಾಡಿದ್ಯವ್ವ?" ಈ ಪ್ರಶ್ನೆ ನಮ್ಮ ಗಿರಣಿ ಆಫೀಸ್‌ನಾಗ ಕೇಳ್ಯಾರ, ತವರುಮನಿಯಾಗ ಕೇಳ್ಯಾರ, ಮದುವಿ ಊಟದ ಪಂಕ್ತಿಯಾಗ ಪಕ್ಕಕ್ಕ ಕುಂತೋರೂ ಕೇಳ್ಯಾರ. ಅಲ್ಲೆಲ್ಲ ಎರಡು ಮಾತಿನಾಗ ಹೇಳಿ ಮುಗಿಸಿಬಿಡ್ತೀನಿ, ಆದ್ರ ಇದು ಎರಡು ಮಾತಿನಾಗ ಹೇಳೋದಲ್ಲ ಅಂತ ಪ್ರತಿ ಸಲ ಅನಸ್ತದ, ಅದಕ್ಕ ಇಲ್ಲಿ ಪೂರ್ತಿ ಬರೀತೀನಿ.

ಗೆಳತಿ ಪೋರ್ಚುಗಲ್‌ನಾಕಿ. ಇರೋದು ಲಿಸ್ಬನ್‌ನಾಗ, ಹುಟ್ಟಿದ್ದು ಅಲ್ಲಿಂದ ದಕ್ಷಿಣಕ್ಕ ಸಾದೋ ಅನ್ನೋ ನದಿ ದಂಡಿಮ್ಯಾಲಿನ ಅಲ್ಕಾಸರ್ ದು ಸಾಲ್ ಅನ್ನೋ ಊರಾಗ. 2020ರ ಲಾಕ್‌ಡೌನ್‌ನಾಗ ನಾನು ತಂಗಿ ಕೂಸಿಗೆ ಕ್ರೋಶಾ ಹೊದಿಕಿ ಹಾಕಾಕತ್ತಿದ್ದೆ, ಒಂದು ಮೂಲಿ ಎಷ್ಟು ಬಿಚ್ಚಿ ಹಾಕಿದ್ರೂ ಸರಿ ಬರ್ತಿರಲಿಲ್ಲ, ಒಂದು ಗ್ರೂಪ್‌ನಾಗ ಫೋಟೋ ಹಾಕಿ ಕೇಳಿದೆ, ಈಕಿ ತನ್ನ ಕೈಯಿಂದ ನಿಧಾನಕ್ಕ ಹಾಕಿ ವಿಡಿಯೋ ಮಾಡಿ ಕಳಿಸಿದ್ಲು. ಅಷ್ಟೇ. ನಾನು ಗಂಗಾವತಿಯಾಗ ಅಕ್ಕಿ ಗಿರಣಿ ಲೆಕ್ಕ ಬರಿಯಾಕಿ ಅಂದಾಗ ಆಕಿಗೆ ನಂಬಾಕ ಆಗ್ಲಿಲ್ಲ, ಯಾಕಂದ್ರ ಆಕಿ ಊರೂ ನೆಲ್ಲಿನ ಊರು. ನಂಗೂ ಆಶ್ಚರ್ಯ, ಯುರೋಪ್‌ನಾಗ ನೆಲ್ಲು ಬೆಳೀತಾರಂತ ನಂಗೇನ್ ಗೊತ್ತಿತ್ತು! ಅವರ ಅಕ್ಕಿಗೆ ಕರೊಲಿನೊ ಅಂತಾರ, ಕಾಳು ನಮ್ಮ ಸೋನಾಮಸೂರಿಗಿಂತ ದಪ್ಪ, ಸಾರು ಹೀರ್ಕೊಂಡು ಮೆತ್ತಗ ಆಗ್ತದ. ಆಮ್ಯಾಲೆ ನಾವಿಬ್ರು ಮಾತಾಡದ ದಿನ ಕಡಿಮಿ.

2024ರ ಕೊನಿಗೆ ಆಕಿ ಮೆಸೇಜ್ ಬಂತು. ಅಪ್ಪ ತೀರಿಕೊಂಡು ವರ್ಷ ಆಗಿತ್ತು, ಅವ್ವ ಮೊದಲ ಸಲ ಒಬ್ಬಾಕೀನೇ ದೇಶ ಬಿಟ್ಟು ಹೊಂಟಾಳ, ವಯಸ್ಸಾದೋರ ಒಂದು ಗುಂಪಿನ ಜೊತಿ, ಗೋವಾ ನೋಡಿ ಹಂಪಿಗೆ ಬರ್ತಾರ, ಆನೆಗೊಂದಿ ಕಡೆ ಉಳಿತಾರ. ಒಂದು ದಿನ ಗುಂಪಿನೋರೆಲ್ಲ ಅಂಜನಾದ್ರಿ ಹತ್ತೋರು, ಅಲ್ಲಿ 575 ಮೆಟ್ಲು, ಅವ್ವನ ಮಣಕಾಲಿಗೆ ಆಗಲ್ಲ, ಆ ದಿನ ನಿಂಗ ಪುರಸೊತ್ತು ಐತೇನು ಅಂತ ಕೇಳಿದ್ಲು. ಅದರ ಕೆಳಗ ಇನ್ನೊಂದು ಸಾಲು ಬರದಿದ್ಲು: ಅಪ್ಪ ಹೋದಾಗಿಂದ ಅವ್ವ ಕುಂತು ಊಟ ಮಾಡಂಗಿಲ್ಲ, ಅಡಿಗಿಮನಿಯಾಗ ನಿಂತ್ಕೊಂಡೇ ಎರಡು ತುತ್ತು ತಿಂದು ಮುಗಿಸ್ತಾಳ, ನಿಮ್ಮನಿಯಾಗ ಒಂದಿನ ಆಕೀನ ಕುಂದ್ರಿಸಿ ಉಣ್ಣಿಸು.

ಅಂಜಿಕಿ ಪ್ರಶ್ನೆಗೆ ಬರ್ತೀನಿ. ನಾಲ್ಕು ವರ್ಷ ವಿಡಿಯೋ ಕಾಲ್‌ನಾಗ ಮಾತಾಡಿದ್ದೀನಿ, ಆಕಿ ಮನಿ, ಆಕಿ ಬೆಕ್ಕು, ಆಕಿ ಅತ್ತಿದ್ದು ಎಲ್ಲಾ ನೋಡಿದ್ದೀನಿ. ಆದ್ರೂ ಎಚ್ಚರ ತಪ್ಪಲಿಲ್ಲ. ಮನಿಯೋರಿಗೆ, ಅತ್ತಿಯವರಿಗೆ ಮೊದಲೇ ಹೇಳಿದ್ದೆ, ಭೇಟಿ ಆಗಿದ್ದು ಆನೆಗೊಂದಿ ಗಗನ ಮಹಲ್ ಮುಂದ, ನಾಲ್ಕು ಮಂದಿ ಇರೋ ಜಾಗದಾಗ, ಅವರ ಗೈಡ್ ನಂಬರ್ ನಾನು ತಗೊಂಡೆ, ನನ್ನ ನಂಬರ್, ಮನಿ ವಿಳಾಸ ಅವರಿಗೆ ಕೊಟ್ಟೆ, ಚಾ ಕುಡದಮ್ಯಾಲೆ ಈಗ ಮನಿಗೆ ಹೋಗೋಣೇನು ಅಂತ ಇನ್ನೊಮ್ಮೆ ಕೇಳಿದೆ. ಆದ್ರ ಎಲ್ಲರೂ ನನ್ನ ಅಂಜಿಕಿ ಬಗ್ಗೆ ಕೇಳ್ತಾರ, ಆ ಅಮ್ಮಾರ ಬಗ್ಗೆ ಯಾರೂ ಕೇಳಂಗಿಲ್ಲ, ಅದು ನಂಗ ಬ್ಯಾಸರ. ನಾನು ನನ್ನ ಊರಾಗ ಇದ್ದೆ. ಅವರು 68 ವರ್ಷದ ಹೆಣ್ಣುಮಗಳು, ಊರು ಗೊತ್ತಿಲ್ಲ, ಬೋರ್ಡು ಓದಾಕ ಬರಲ್ಲ, ಮಗಳು ಹೇಳಿದ್ದೊಂದೇ ಮಾತಿನ ಮ್ಯಾಲೆ ನಮ್ಮ ಕಾರು ಹತ್ತಿ ಕುಂತ್ರಲ್ಲ, ಧೈರ್ಯ ಅಂದ್ರ ಅದು.

ಕಾರಿನಾಗ ಕುಂತು ಬೆಲ್ಟ್ ಹಾಕ್ಕೊಂಡು, ಫೋನ್‌ನಾಗ ಅನುವಾದದ ಆ್ಯಪ್ ತಗದು, ಪೋರ್ಚುಗೀಸ್‌ನಾಗ ಏನೋ ಹೇಳಿದ್ರು. ಫೋನು ಕನ್ನಡದಾಗ ಓದಿ ಹೇಳ್ತು: "ಹತ್ತೊಂಬತ್ತನೇ ಗೇಟು ಸರಿಯಾಯಿತೇ?"

ನಂಗ ಗಂಟಲು ಕಟ್ಟಿತು. ನಮ್ಮ ಕಡೆಯೋರಿಗೆ ಬಿಡಿಸಿ ಹೇಳೋದು ಬೇಕಾಗಿಲ್ಲ, ಬ್ಯಾರೆ ಕಡೆಯೋರಿಗೆ ಹೇಳ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದ್ದು ಚೈನು ಹರಿದು ಕೊಚ್ಕೊಂಡು ಹೋತು. ಡ್ಯಾಮ್ ಪೂರ್ತಿ ತುಂಬಿತ್ತು, ಸುಮಾರು 105 ಟಿಎಂಸಿ, ಒತ್ತಡ ಇಳಿಸಾಕ ಉಳಿದ ಗೇಟುಗಳನ್ನೂ ಎತ್ತಬೇಕಾತು. ಕೊಪ್ಪಳ, ರಾಯಚೂರು, ಬಳ್ಳಾರಿ ರೈತರೆಲ್ಲ ನೀರು ನದಿಗೆ ಹೋಗೋದನ್ನ ನೋಡ್ಕೋತ ನಿಂತಿದ್ರು, ಬೆಳಿ ಹೋದ್ರ ಗಿರಣಿ ಇಲ್ಲ, ಗಿರಣಿ ಇಲ್ಲಂದ್ರ ನಮ್ಮಂಥೋರ ಪಗಾರ ಇಲ್ಲ. ಒಂದು ವಾರದಾಗ ಡ್ಯಾಮ್ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಮುಂದ ನಿಂತು, ನೀರು ಹರಿಯುವಾಗಲೇ ಗೇಟಿನ ಜಾಗಕ್ಕ ತಾತ್ಕಾಲಿಕ ಉಕ್ಕಿನ ಹಲಗಿ, ಅಂದ್ರ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದ್ರು. ಆ ವಾರ ನಾನು ಗೆಳತಿಗೆ ರಾತ್ರಿಯೆಲ್ಲ ವಾಯ್ಸ್ ಮೆಸೇಜ್ ಹಾಕೀನಿ, ಅತ್ತೀನಿ. ಆಕಿ ಅದನ್ನ ತನ್ನ ಅವ್ವಗ ಹೇಳ್ಯಾಳ, ಅವ್ವ ದಿನಾ ಬೆಳಿಗ್ಗೆ "ಆ ಹುಡುಗಿ ಡ್ಯಾಮು ಏನಾತು" ಅಂತ ಕೇಳ್ಯಾರ. ಸಮುದ್ರದ ಆಚಿ ಕಡೆ ಒಂದು ಮನಿಯಾಗ ನಮ್ಮ ನೀರಿನ ಚಿಂತಿ ಮಾಡ್ಯಾರ, ನಂಗ ಅದು ಗೊತ್ತೇ ಇರಲಿಲ್ಲ. ಸದ್ಯಕ್ಕ ಸ್ಟಾಪ್‌ಲಾಗ್ ಐತಿ ಅಮ್ಮಾರ, ಎರಡನೇ ಬೆಳಿಗೆ ನೀರು ಬಂದೈತಿ ಅಂತ ಹೇಳಿದೆ. "ಪೋಯಿಶ್, ಪೋಯಿಶ್" ಅಂದ್ರು. ಗೆಳತಿ ಪ್ರತಿ ವಾಯ್ಸ್ ಮೆಸೇಜ್‌ನಾಗ ಹೌದು ಹೌದು ಅನ್ನೋದಕ್ಕ ಹಂಗೇ ಅಂತಾಳ, ಅದೇ ಎಳೆತ, ಅದೇ ದನಿ, ಬರೇ ಇಪ್ಪತ್ತೈದು ವರ್ಷ ವಯಸ್ಸಾದ ದನಿ. ಗೆಳತೀನ ನೋಡಿಲ್ಲ ಅಂತೀರಲ್ಲ, ಆವತ್ತು ನೋಡಿದಂಗೇ ಆತು.

ಜನವರಿ ಕೊನಿ, ರಸ್ತೆ ಎರಡೂ ಕಡೆ ನಾಟಿ ನಡೆದಿತ್ತು. ನಿಲ್ಲಿಸು ಅಂತ ಕೈ ಮಾಡಿದ್ರು. ಇಳದು ಒಡ್ಡಿನ ಮ್ಯಾಲೆ ನಿಂತು ಹತ್ತು ನಿಮಿಷ ಮಾತಿಲ್ಲ, ಹೆಣ್ಮಕ್ಕಳು ಬಗ್ಗಿ ಸಸಿ ಹಚ್ಚೋದನ್ನೇ ನೋಡಿದ್ರು. ಆಮ್ಯಾಲೆ ಫೋನ್ ತಗದು ಹೇಳಿದ್ರು, ಅವರ ಅವ್ವನೂ ಕೂಲಿಗೆ ಹೋಗಿ ಮಣಕಾಲುದ್ದ ನೀರಾಗ ನಿಂತು ನೆಲ್ಲಿನಾಗ ಕಳೆ ಕೀಳ್ತಿದ್ರಂತ, ಆ ಗದ್ದಿಗಳಾಗ ಸೊಳ್ಳಿ ಬಾಳ, ಅಜ್ಜಿಗೆ ಮಲೇರಿಯಾ ಬಂದಿತ್ತಂತ, ಈಗ ಅಲ್ಲಿ ಎಲ್ಲಾ ಮಷಿನ್ನು, ಗದ್ದಿಯಾಗ ಮನುಷ್ಯಾರ ದನಿ ಕೇಳಿ ಎಷ್ಟು ವರ್ಷ ಆತೋ ಅಂದ್ರು. ಅಷ್ಟರಾಗ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ನನ್ನ ಭುಜ ಹಿಡಕೊಂಡು ಕೆಸರಾಗ ಇಳದೇಬಿಟ್ರು. ನಾಟಿ ಮಾಡೋ ಒಬ್ಬ ಆಯಿ ತಲಿ ಎತ್ತಿ "ಯಾರ್ ಬೇ ಯವ್ವಾ ಇವ್ರು?" ಅಂದ್ಲು. "ನಮ್ಮ ಗೆಳತಿ ಅವ್ವ" ಅಂದೆ. "ಹಂಗಾರ ಬರ್ರಿ, ತಗೋರಿ" ಅಂತ ಒಂದು ಹಿಡಿ ಸಸಿ ಕೈಗೆ ಕೊಟ್ಲು. ಎಲ್ಲಿ, ಹೆಂಗ ಪರಿಚಯ, ಏನೂ ಕೇಳ್ಲಿಲ್ಲ.

ಮನಿಗೆ ಹೋಗೋದ್ರಾಗ ಒಂದೂವರಿ. ನಮ್ಮನಿಯೋರು ಒಳಗಿಂದ "ಕಾರಿನ ಚಾವಿ ಎಲ್ಲಿಟ್ಟಿ?" ಅಂದಾಗ ಅಮ್ಮಾರು ಥಟ್ ಅಂತ ತಿರುಗಿದ್ರು, ಅವರ ಭಾಷೆಯಾಗೂ ಅದು ಶಾವ್. ನಾವು ದಿನಾ ಆಡೋ ಚಾವಿ, ಪಗಾರ, ಮೇಜು ಎಲ್ಲಾ ಪೋರ್ಚುಗೀಸರ ಕಾಲದಾಗ ಬಂದು ನಮ್ಮೂ ಆದ ಮಾತುಗಳು. ಮೆಣಸಿನಕಾಯಿನೂ ಅವರ ಹಡಗಿನಾಗೇ ಬಂದದ್ದು, ಆದ್ರ ನಮ್ಮ ಕೆಂಪು ಚಟ್ನಿ ನಾಲಿಗಿ ತುದಿಗೆ ಹಚ್ಚಿ ಅವರು ನೀರು ಕೇಳಿದ್ರು.

ನಾ ಅಂದುಕೊಂಡಂಗೇ ಆತು, ಅವರು ಕುಂದ್ರಲೇ ಇಲ್ಲ. ಸೀದಾ ಅಡಿಗಿಮನಿಗೆ ಹೋದ್ರು. ಅತ್ತಿ ಬಳ್ಳೊಳ್ಳಿ, ಕೊತ್ತಂಬ್ರಿ, ಉಪ್ಪು ಹಾಕಿ ಕಲ್ಲಾಗ ಕುಟ್ಟಾಕತ್ತಿದ್ರು, ಅಮ್ಮಾರು ಮೂಸಿ ನೋಡಿ ಮಾರಿ ಅರಳಿಸಿ ಗುಂಡು ತಾವೇ ತಗೊಂಡು ಕುಟ್ಟಿದ್ರು, ಅವರ ಕಡೆ ಅಸೋರ್ದ ಅಂತ ಒಂದು ಬಡವರ ಊಟ ಐತಂತ, ಬಳ್ಳೊಳ್ಳಿ, ಕೊತ್ತಂಬ್ರಿ, ಉಪ್ಪು ಹಿಂಗೇ ಕುಟ್ಟಿ, ಆಲಿವ್ ಎಣ್ಣಿ, ಬಿಸಿನೀರು ಹಾಕಿ ಒಣ ಬ್ರೆಡ್ ನೆನಸೋದು. ತಾಟಿಗೆ ಬಡಿಸಿದ್ವಿ, ರೊಟ್ಟಿ, ಬದ್ನಿಕಾಯಿ ಎಣ್ಣಿಗಾಯಿ, ಮಡಿಕಿಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಾಟು ಕೈಯಾಗ ಹಿಡಕೊಂಡು ಕಟ್ಟಿಗೆ ಆತು ನಿಂತ್ರು.

ನಮ್ಮ ಮಾವ ಹೋಗಿ ಮೂರು ವರ್ಷ. ಅತ್ತಿನೂ ಹಂಗೇ, ಎಲ್ಲರ ಊಟ ಆದಮ್ಯಾಲೆ ಒಲಿ ಮುಂದ ನಿಂತು ಏನೋ ಒಂದು. ನಾನು ಮೂರು ವರ್ಷದಿಂದ ಹೇಳಿ ಸೋತೀನಿ. ಆವತ್ತು ಅತ್ತಿ ಎರಡು ಕುರ್ಚಿ ಎಳದು ಪಕ್ಕಪಕ್ಕ ಹಾಕಿ, ಒಂದರಾಗ ತಾವು ಕುಂತು, ಇನ್ನೊಂದನ್ನ ಕೈಯಿಂದ ಬಡದು, ಫೋನೂ ಇಲ್ಲ ಆ್ಯಪೂ ಇಲ್ಲ, ಅಚ್ಚ ಕನ್ನಡದಾಗ, "ಯಕ್ಕಾ, ನೀವು ಕುಂದ್ರದ ನಾನೂ ಉಣ್ಣಂಗಿಲ್ಲ ನೋಡ್ರಿ" ಅಂದ್ರು. ಅಮ್ಮಾರು ಒಂದು ಗಳಿಗಿ ಹಂಗೇ ನೋಡಿದ್ರು. ಕುಂತ್ರು.

ಏನ್ ಮಾತಾಡಿದ್ರಿ ಅಂತ ಕೇಳ್ತೀರಿ. ಊಟದಾಗ ಮಾತೇ ಕಡಿಮಿ. ಅತ್ತಿ ರೊಟ್ಟಿ ಮುರದು ಎಣ್ಣಿಗಾಯಿ ಹಚ್ಚಿ ತೋರಿಸೋದು, ಅವರು ಹಂಗೇ ಮಾಡೋದು. ಕೊನಿಗೆ ಅಕ್ಕಿ ಪಾಯಸ ಕೊಟ್ಟಾಗ ಅಮ್ಮಾರು ಕನೇಲಾ ಕನೇಲಾ ಅಂದ್ರು, ಆ್ಯಪ್‌ನಾಗ ನೋಡಿದ್ರ ದಾಲ್ಚಿನ್ನಿ. ಪುಡಿ ಮಾಡಿ ಕೊಟ್ಟೆ. ಎರಡು ಬೆರಳಾಗ ಚಿಟಿಕಿ ಹಿಡದು ಪಾಯಸದ ಮ್ಯಾಲೆ ಸಾಲಾಗಿ ಬಿಟ್ಕೋತ ಹೋದ್ರು, ಅಡ್ಡಗೆರಿ, ಉದ್ದಗೆರಿ, ನಡುವ ಹೂವು, ಅಲ್ಲಿ ಹಬ್ಬದಾಗ ಹಾಲನ್ನದ ಮ್ಯಾಲೆ ಹಿಂಗ ಬಿಡಿಸ್ತಾರಂತ. ಅತ್ತಿ ಬಗ್ಗಿ ನೋಡಿ "ಅಯ್ಯ, ರಂಗೋಲಿ!" ಅಂದು ತಮ್ಮ ಬಟ್ಟಲ ಮ್ಯಾಲೆ ತಾವೂ ಒಂದು ಎಳಿ ಬಿಟ್ರು.

ಗೆಳತಿ ಆ ಹೊತ್ತಿನಾಗ ಬೇಕಂತಲೇ ಕಾಲ್ ಮಾಡಿರಲಿಲ್ಲ, ನಮ್ಮ ಮಧ್ಯಾಹ್ನ ಅಂದ್ರ ಅವರಲ್ಲಿ ಬೆಳಿಗ್ಗೆ, ನಾನು ನಡುವ ಬರಂಗಿಲ್ಲ ಅಂದಿದ್ಲು. ಅಮ್ಮಾರನ್ನ ಸಂಜಿಗೆ ಆನೆಗೊಂದಿಗೆ ಬಿಟ್ಟು ವಾಪಸ್ ಬರುವಾಗ ಆಕಿ ಮೆಸೇಜ್ ಬಂತು, ಫೋಟೋ ಕೇಳ್ಲಿಲ್ಲ, ಏನ್ ನೋಡಿದ್ರು ಎಲ್ಲಿ ಹೋಗಿದ್ರಿ ಅಂತ ಕೇಳ್ಲಿಲ್ಲ, "ಎಷ್ಟು ತಿಂದ್ಲು?" ಅಂತ ಅಷ್ಟೇ. ಗಾಡಿ ಪಕ್ಕಕ್ಕ ಹಾಕಸಿ ಬರದೆ: ಎರಡೂವರಿ ರೊಟ್ಟಿ, ಅನ್ನ ಸಾರು, ಎರಡು ಸಲ ಪಾಯಸ. ಕುಂತು. ಒಂದು ತಾಸು.