ಮಾಜುಲಿ: ಏಣಿಯಿಂದ ದಡಕ್ಕೆ ಎಷ್ಟು ಹೆಜ್ಜೆ?

ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗ ಮಾಜುಲಿಯವನು ಅಂತ ನನಗೆ ಗೊತ್ತಾಗಿದ್ದೇ ಅಸ್ಸಾಮಿಗೆ ಟಿಕೆಟ್ ಮಾಡಿಸಿದ ಮೇಲೆ. ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದಾನೆ. ಕನ್ನಡ ತಕ್ಕಮಟ್ಟಿಗೆ ಬರುತ್ತದೆ. "ಮೇಡಂ, ಮಾಜುಲಿಗೆ ಹೋಗ್ತೀರಾ? ನಮ್ಮ ಅಕ್ಕನ ಮನೆಗೂ ಹೋಗಿ ಬನ್ನಿ," ಅಂದ. ಮರುದಿನ ಒಂದು ಚೀಲ ತಂದುಕೊಟ್ಟ. ಅಕ್ಕನ ಮಗನಿಗೆ ಒಂದು ಕಂಪಾಸ್ ಬಾಕ್ಸು, ಎರಡು ಡಜನ್ ಪೆನ್ಸಿಲ್, ಅರ್ಧ ಕೆಜಿ ಮೈಸೂರು ಪಾಕು. ಜೊತೆಗೆ ಒಂದು ಕೆಲಸವನ್ನೂ ಹೇಳಿದ. "ಅಕ್ಕನ ಮನೆ ಏಣಿಯಿಂದ ನದಿ ದಡಕ್ಕೆ ಎಷ್ಟು ಹೆಜ್ಜೆ ಆಗುತ್ತೆ ಅಂತ ಎಣಿಸಿಕೊಂಡು ಬನ್ನಿ ಮೇಡಂ. ಫೋನಲ್ಲಿ ಕೇಳಿದ್ರೆ ಯಾವಾಗಲೂ ದೂರ ಇದೆ, ದೂರ ಇದೆ ಅಂತಾಳೆ."

ನಾನು ರಾಯಚೂರು ಕಡೆಯವಳು. ಕೃಷ್ಣಾ ನದಿಯ ನಡುವೆ ಇರುವ ಕುರ್ವಕುಲಾ, ಕುರ್ವಕುರ್ದಾದಂಥ ಊರುಗಳ ಜನ ತೆಪ್ಪ ಹತ್ತಿ ಸಂತೆಗೆ ಬರುವುದನ್ನು ನೋಡಿ ಬೆಳೆದವಳು. ಹೊಳೆ ತುಂಬಿದರೆ ನಡುಗಡ್ಡೆಯಲ್ಲಿ ಎಲ್ಲವೂ ನಿಲ್ಲುತ್ತದೆ. ಪಾಠವೂ ನಿಲ್ಲುತ್ತದೆ. ಅದಕ್ಕೇ ಬ್ರಹ್ಮಪುತ್ರದ ನಡುಗಡ್ಡೆಯಾದ ಮಾಜುಲಿಯಲ್ಲಿ ಒಂದು ಟ್ರಸ್ಟ್ ಶಾಲೆ ನಡೆಸುತ್ತಿದೆ ಅಂತ ಓದಿದಾಗಿನಿಂದ ಅದನ್ನು ನೋಡಲೇಬೇಕು ಅನ್ನಿಸುತ್ತಿತ್ತು.

ಗುವಾಹಟಿಯಿಂದ ರಾತ್ರಿ ಬಸ್ಸಿನಲ್ಲಿ ಜೋರ್‌ಹಾಟ್. ಅಲ್ಲಿಂದ ಶೇರ್ ಆಟೋದಲ್ಲಿ ನಿಮಾತಿ ಘಾಟ್. ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಫೆರಿಯ ಮೇಲೆ ಬೈಕು, ಒಂದೆರಡು ಕಾರು, ಸಿಲಿಂಡರ್, ಕೋಳಿ ಬುಟ್ಟಿ, ಮದುವೆಗೆ ಹೊರಟ ಒಂದು ದೊಡ್ಡ ಕುಟುಂಬ. ಆಚೆ ದಡಕ್ಕೆ ಸುಮಾರು ಒಂದು ಗಂಟೆ. 2021ರ ಸೆಪ್ಟೆಂಬರಿನಲ್ಲಿ ಇದೇ ಘಾಟಿನ ಹತ್ತಿರ ಎರಡು ದೋಣಿಗಳು ಡಿಕ್ಕಿಯಾಗಿ ಒಂದು ಮುಳುಗಿತ್ತು. ಅದೇ ವರ್ಷ ಫೆಬ್ರುವರಿಯಲ್ಲಿ ಜೋರ್‌ಹಾಟ್‌ನಿಂದ ಮಾಜುಲಿಗೆ 8 ಕಿಲೋಮೀಟರ್ ಉದ್ದದ ಸೇತುವೆಗೆ ಶಂಕುಸ್ಥಾಪನೆಯೂ ಆಗಿತ್ತು. ನಾನು ಹೋದಾಗ ದೋಣಿಯೇ ಗತಿ. ಸಂಜೆ ಕೊನೆಯ ಫೆರಿ ಹೋದ ಮೇಲೆ ಹೆರಿಗೆ ನೋವು ಬಂದರೆ ಏನು ಮಾಡುತ್ತಾರೆ? ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದೆ. ಅವರು ನದಿಯ ಕಡೆ ನೋಡಿ ಕೈ ಮುಗಿದರು, ಅಷ್ಟೇ.

2016ರಲ್ಲಿ ಮಾಜುಲಿ ಜಿಲ್ಲೆಯಾಯಿತು. ನದಿಯ ನಡುಗಡ್ಡೆಯೊಂದು ಜಿಲ್ಲೆಯಾದದ್ದು ದೇಶದಲ್ಲಿ ಅದೇ ಮೊದಲು. ಆದರೆ ಜಿಲ್ಲೆ ವರ್ಷವರ್ಷವೂ ಚಿಕ್ಕದಾಗುತ್ತಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ 880 ಚದರ ಕಿಲೋಮೀಟರ್ ಇದ್ದ ನೆಲ 2014ರ ಹೊತ್ತಿಗೆ 352ಕ್ಕೆ ಇಳಿದಿತ್ತು. 1950ರ ಆಗಸ್ಟ್ 15ರಂದು ಆದ ಭಾರಿ ಭೂಕಂಪದಲ್ಲಿ ಬೆಟ್ಟಗಳು ಕುಸಿದು ಹೂಳು ನದಿಗೆ ಬಂತು. ತಳ ಮೇಲೆದ್ದಿತು. ನೀರಿಗೆ ಆಳ ಸಿಗದೆ ಅಗಲಕ್ಕೆ ಹರಡಿ ದಡ ಕೊರೆಯತೊಡಗಿತು. ಇಲ್ಲಿಯ ಮಣ್ಣು ಬರೀ ಮರಳು ಮತ್ತು ಮೆಕ್ಕಲು, ಹಿಡಿದು ನಿಲ್ಲುವ ಶಕ್ತಿ ಅದಕ್ಕೆ ಇಲ್ಲ. ನೆರೆ ಬಂದು ಹೋದರೆ ಮನೆ ಉಳಿಯಬಹುದು. ದಡ ಕುಸಿದರೆ ಜಾಗವೇ ಇರುವುದಿಲ್ಲ. ಹಾಗೆ ಜಾಗ ಕಳೆದುಕೊಂಡವರು ಮಥಾವುರಿ ಮೇಲೆ, ಅಂದರೆ ನೆರೆ ತಡೆಯಲು ಕಟ್ಟಿದ ಮಣ್ಣಿನ ಏರಿಯ ಮೇಲೆ, ಗುಡಿಸಲು ಹಾಕಿಕೊಂಡು ಬದುಕುತ್ತಾರೆ. ಅಂಥ ಮಕ್ಕಳಿಗೆ ಶಾಲೆ ಎಲ್ಲಿಂದ ಬರಬೇಕು?

ಕಮಲಾಬಾರಿಯಲ್ಲಿ ಇಳಿದು ಮೊದಲ ದಿನ ಸತ್ರಗಳನ್ನು ನೋಡಿದೆ. ಅಸ್ಸಾಮಿನ ಸಂತ ಶಂಕರದೇವರ ಭಕ್ತಿಪಂಥದ ಮಠಗಳು ಇವು. ಸಾಮಗುರಿ ಸತ್ರದಲ್ಲಿ ಬಿದಿರು, ಬಟ್ಟೆ, ಜೇಡಿಮಣ್ಣಿನಿಂದ ಮಾಡಿದ ರಾವಣನ ಮುಖವಾಡ ಕಂಡಾಗ ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಾಯಿತು. ಸತ್ರಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಹೋದದ್ದು ಶಾಲೆಗಾಗಿ.

ಕುಲಾಮುವಾ ಊರಿನ ಹಮ್ಮಿಂಗ್‌ಬರ್ಡ್ ಶಾಲೆ ಶುರುವಾಗಿದ್ದು 2017ರಲ್ಲಿ. ನಡೆಸುವುದು ಆಯಾಂಗ್ ಟ್ರಸ್ಟ್. ಆಯಾಂಗ್ ಅಂದರೆ ಇಲ್ಲಿಯ ಮಿಸಿಂಗ್ ಬುಡಕಟ್ಟಿನವರ ಭಾಷೆಯಲ್ಲಿ ಪ್ರೀತಿ. ಐಐಟಿ ಖರಗ್‌ಪುರದಲ್ಲಿ ಓದಿ, ಸಿಂಗಾಪುರದ ಕೆಲಸ ಬಿಟ್ಟು ಬಂದ ಬಿಪಿನ್ ಧಾನೆ ಇದನ್ನು ಆರಂಭಿಸಿದವರು. ಊರಿನವರು ಜಾಗ ಕೊಟ್ಟರು, ಬಿದಿರು ಕೊಟ್ಟರು, ತಾವೇ ನಿಂತು ಕಟ್ಟಿದರು. ನನಗೆ ತುಂಬಾ ಹಿಡಿಸಿದ್ದು ಈ ಭಾಗ. ಎಲ್ಲೋ ದೂರದಿಂದ ಸಿಮೆಂಟು ತಂದು ಕಟ್ಟಿ ಬೋರ್ಡು ಹಾಕಿದ ಶಾಲೆ ಇದಲ್ಲ. ಗೋಡೆಯಲ್ಲಿ ಯಾರ ಕೈ ಎಲ್ಲಿ ನೇಯ್ದಿದೆ ಅಂತ ಊರವರಿಗೆ ಗೊತ್ತು.

ತರಗತಿಯ ಬಾಗಿಲಲ್ಲಿ ಸುಮ್ನೆ ನಿಂತು ನೋಡಿದೆ. ಬಿದಿರಿನ ಗೋಡೆಯ ಸಂದಿಗಳಿಂದ ಬಿಸಿಲು ಗೆರೆಗೆರೆಯಾಗಿ ಒಳಗೆ ಬಿದ್ದಿತ್ತು. ಪಾಠ ಮಾಡುತ್ತಿದ್ದವಳಿಗೆ ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಇಂಗ್ಲಿಷ್ ಪದ ಬೋರ್ಡಿನ ಮೇಲೆ ಬರೆದಳು, ಅಸ್ಸಾಮಿಯಲ್ಲಿ ಹೇಳಿದಳು. ಹಿಂದೆ ಕೂತ ಒಬ್ಬ ಹುಡುಗಿಯ ಮುಖ ನೋಡಿ ಮತ್ತೆ ಮಿಸಿಂಗ್‌ನಲ್ಲಿ ಹೇಳಿದಳು. ಹುಡುಗಿ ನಕ್ಕಳು. ಅರ್ಥವಾಗಿತ್ತು.

ಬಿಡುವಿನಲ್ಲಿ ಮಾತಿಗೆ ಸಿಕ್ಕಳು. ನಮ್ಮ ಮಾತು ಹಿಂದಿಯಲ್ಲಿ. ಪಕ್ಕದ ಊರಿನವಳಂತೆ. "ನಾನು ಓದುವಾಗ ಟೀಚರ ಭಾಷೆ ಬೇರೆ, ನಮ್ಮ ಮನೆ ಭಾಷೆ ಬೇರೆ. ಮೂರನೇ ಕ್ಲಾಸಿನವರೆಗೆ ಏನೂ ಗೊತ್ತಾಗದೆ ತಲೆ ಆಡಿಸುತ್ತಿದ್ದೆ ದೀದಿ. ಈ ಮಕ್ಕಳು ಹಾಗೆ ತಲೆ ಆಡಿಸಿದರೆ ನನಗೆ ಕೂಡಲೇ ಗೊತ್ತಾಗುತ್ತದೆ," ಅಂದಳು.

ಆ ಮಾತನ್ನು ನಾನು ಮರೆಯಲಾರೆ. ದಾನದ ದುಡ್ಡಿನಲ್ಲಿ ನಡೆಯುವ ಶಾಲೆ ಅಂದಾಗ ನನಗೆ ಯಾವಾಗಲೂ ಒಂದು ಹೆದರಿಕೆ ಇರುತ್ತದೆ. ಹೊರಗಿನಿಂದ ಬಂದವರು ಹೋದ ಮೇಲೆ ಏನು? ಇಲ್ಲಿ ಊರಿನ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ಟೀಚರ್ ಮಾಡುತ್ತಿದ್ದಾರೆ. ದೂರದ ಮಕ್ಕಳಿಗೆ ಹಾಸ್ಟೆಲ್ ಇದೆ. ಸರ್ಕಾರದ ಹೊಣೆಯನ್ನು ಒಂದು ಟ್ರಸ್ಟ್ ಪೂರ್ತಿ ಹೊರಲು ಆಗುವುದಿಲ್ಲ, ಹೊರಲೂಬಾರದು. ಆದರೆ ಮಳೆಗಾಲದಲ್ಲೂ ದೋಣಿಗೆ ಕಾಯಬೇಕಿಲ್ಲದ, ಮಕ್ಕಳ ಭಾಷೆ ಬಲ್ಲ ಟೀಚರು ಊರಲ್ಲೇ ತಯಾರಾಗುತ್ತಿದ್ದಾರಲ್ಲ, ಒಂದು ಶಾಲೆ ಮುಂದೆ ಬಂದಿದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಗುರುತು ಬೇಡ.

ಸಂಜೆ ಹೊತ್ತಿಗೆ ಅಕ್ಕನ ಮನೆ ಸಿಕ್ಕಿತು. ಅದು ಚಾಂಗ್ ಘರ್, ಕಂಬಗಳ ಮೇಲೆ ಎತ್ತಿ ಕಟ್ಟಿದ ಬಿದಿರಿನ ಮನೆ. ಕೆಳಗೆ ಕೈಮಗ್ಗ, ಹಂದಿ, ಕೋಳಿ. ಒಂದೇ ಮರದ ದಿಮ್ಮಿಯಲ್ಲಿ ಮೆಟ್ಟಿಲು ಕಡಿದ ಏಣಿ ಹತ್ತಿ ಒಳಗೆ ಹೋದೆ. ಸೀಳು ಬಿದಿರಿನ ನೆಲ ಹೆಜ್ಜೆ ಇಟ್ಟಲ್ಲೆಲ್ಲ ಕಿರಗುಟ್ಟಿತು. ನಡುವೆ ಒಲೆ, ಅದಕ್ಕೆ ಮೆರಾಮ್ ಅನ್ನುತ್ತಾರೆ. ದೊಡ್ಡ ನೆರೆ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ನೋಡಿ ನೆಲವನ್ನು ಇನ್ನೂ ಮೇಲಕ್ಕೆ ಕಟ್ಟುತ್ತಾರೆ. ಅಕ್ಕ ಹುಳಿ ಹಾಕಿದ ಮೀನು ಸಾರು, ಅನ್ನ ಬಡಿಸಿದರು. ಅಕ್ಕಿಯಿಂದ ಮಾಡಿದ ಮದ್ಯ, ಆಪೊಂಗ್ ಕೂಡ ಒಂದು ಲೋಟ ಬಂತು. ಬೇಡ ಅನ್ನಲು ಮನಸ್ಸಾಗಲಿಲ್ಲ. ಈ ಮನೆ ಮೂರನೆಯದಂತೆ. ಮೊದಲಿನ ಎರಡೂ ಮನೆಗಳ ಜಾಗ ಈಗ ನದಿಯ ಒಳಗಿದೆ.

ಮೈಸೂರು ಪಾಕು ಎರಡೇ ನಿಮಿಷದಲ್ಲಿ ಮುಗಿಯಿತು. ಹುಡುಗನಿಗೆ ಹತ್ತು ವರ್ಷ. ಕಂಪಾಸ್ ಬಾಕ್ಸು ತೆಗೆದು ಸ್ಕೇಲು, ಕೈವಾರ ಎಲ್ಲ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದ, ಮತ್ತೆ ಒಂದೊಂದಾಗಿ ಒಳಗಿಟ್ಟ. ಅವನ ಮಾಮ ಹೇಳಿದ ಕೆಲಸ ಅಕ್ಕನಿಗೆ ಹೇಳಲು ನನಗೆ ಸಂಕೋಚ. ಬೆಳಿಗ್ಗೆ ಬೇಗ ಎದ್ದು, ಯಾರಿಗೂ ಕಾಣದ ಹಾಗೆ ಏಣಿಯಿಂದ ನಡೆಯತೊಡಗಿದೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಹುಡುಗ ಹಿಂದೆ ಬಂದ. "ಎಣಿಸುತ್ತಿದ್ದೀರಾ?" ಅಂದ ಹಿಂದಿಯಲ್ಲಿ. ಹೌದು ಅಂದೆ. "ನಿಮ್ಮ ಹೆಜ್ಜೆ ಬೇಡ, ಅದು ಬೇರೆ ಅಳತೆ," ಅಂತ ಹೇಳಿ ಒಳಗೆ ಓಡಿಹೋಗಿ ಒಂದು ನೋಟ್‌ಬುಕ್ ತಂದ.

ಹಿಂದಿನ ಪುಟದಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ್ದ. ಒಂದು ಕಡೆ ತಿಂಗಳು, ಇನ್ನೊಂದು ಕಡೆ ಅಳತೆ. ಹೆಜ್ಜೆ ಅಲ್ಲ, ಮೀಟರ್. ಗಂಟು ಹಾಕಿದ ಹಗ್ಗದಿಂದ ಅಳೆದಿದ್ದನಂತೆ. ತಾನು ಬೆಳೆದ ಹಾಗೆ ಹೆಜ್ಜೆ ದೊಡ್ಡದಾಗುತ್ತದೆ, ಆಗ ನದಿ ಹತ್ತಿರ ಬರದಿದ್ದರೂ ಬಂದ ಹಾಗೆ ಕಾಣುತ್ತದೆ, ಅದಕ್ಕೇ ಹಗ್ಗ ಅಂತ ವಿವರಿಸಿದ. ಚಳಿಗಾಲದ ತಿಂಗಳುಗಳಲ್ಲಿ ಅಂಕಿ ಬದಲಾಗಿರಲಿಲ್ಲ. ಜುಲೈಯಿಂದ ಸೆಪ್ಟೆಂಬರಿನೊಳಗೆ ಮಾತ್ರ 41 ಮೀಟರ್ ಕಡಿಮೆಯಾಗಿತ್ತು. ಅಮ್ಮನಿಗೆ ಗೊತ್ತಾ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದ. ಆ ಪುಟದ ಇನ್ನೊಂದು ಪ್ರತಿ ಬರೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟ.

ವಾಪಸ್ ಬರುವಾಗ ಫೆರಿ ಅರ್ಧ ಗಂಟೆ ಜಾಸ್ತಿ ತೆಗೆದುಕೊಂಡಿತು. ದಡದ ಒಂದು ಕಡೆ ಹೊಸದಾಗಿ ಕುಸಿದ ಮಣ್ಣು ಕಾಣುತ್ತಿತ್ತು. ಸಾಸಿವೆ ಹೊಲದ ಹಳದಿ ನೇರವಾಗಿ ನೀರಿನ ಅಂಚಿಗೇ ಬಂದು ನಿಂತಿತ್ತು.

ಬೆಂಗಳೂರಿಗೆ ಬಂದ ರಾತ್ರಿಯೇ ಗೇಟಿನ ಹತ್ತಿರ ಆ ಚೀಟಿ ಕೊಟ್ಟೆ. ಅವನು ಟ್ಯೂಬ್‌ಲೈಟಿನ ಕೆಳಗೆ ಹೋಗಿ ಓದಿದ. ಅಂಕಿಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಬಂದ. "ಹಗ್ಗದಲ್ಲಿ ಅಳೆದಿದ್ದಾನಾ ಮೇಡಂ?" ಅಂದ. ಹೌದು ಅಂದೆ. ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಮೊಬೈಲಿನ ಕವರಿನೊಳಗೆ ಇಟ್ಟುಕೊಂಡು, ಹಾರ್ನ್ ಹೊಡೆಯುತ್ತಿದ್ದ ಕಾರಿಗೆ ಗೇಟು ತೆರೆಯಲು ಹೋದ.