ಮಂಡ್ಯ ಅನ್ನೋಕೆ ಮೈಸೂರಿಂದ ಹೊರಡಬೇಕು

ನನ್ನ ಬಾಯಲ್ಲಿ ಆಗ ಉಳಿದಿದ್ದು ಒಂದೇ ಮಾತು. ರೈಟ್. ನೀರು ಬೇಕಾದರೂ ರೈಟ್, ಬಾತ್‌ರೂಮಿಗೆ ಹೋಗಬೇಕಾದರೂ ರೈಟ್. ಮಗಳು ಮಂಚದ ಹತ್ತಿರ ಬಗ್ಗಿ 'ಅಪ್ಪಾ, ನಾನ್ಯಾರು ಹೇಳು' ಅಂದಾಗಲೂ ರೈಟ್. ಅವಳು ನಕ್ಕಳು. ಆಮೇಲೆ ಹೊರಗೆ ಹೋಗಿ ಅತ್ತಳಂತೆ. ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದವನ ಬಾಯಲ್ಲಿ ಇನ್ನೇನು ಉಳಿಯುತ್ತೆ ಹೇಳಿ.

ರಾತ್ರಿ ಡ್ಯೂಟಿ ಮುಗಿಸಿ ಬೈಕಲ್ಲಿ ಮನೆಗೆ ಹೊರಟಿದ್ದೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದುಗಡೆ ಲೈಟಿಲ್ಲ. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಅದೊಂದು ಕಡೆ ಬಿತ್ತಂತೆ, ನಾನೊಂದು ಕಡೆ. ಎಲ್ಲಾ 'ಅಂತೆ'ಗಳೇ, ನನಗೆ ಕಬ್ಬಿನ ಗರಿ ಬಿಟ್ಟರೆ ಏನೂ ನೆನಪಿಲ್ಲ. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿ ಊದಿಕೊಂಡಿತ್ತು. ಊತಕ್ಕೆ ಜಾಗ ಬೇಕು ಅಂತ ಡಾಕ್ಟರು ತಲೆಬುರುಡೆಯ ಒಂದು ತುಂಡನ್ನೇ ತೆಗೆದರು. ಅದು ಕೆಡದೆ ಇರಲಿ ಅಂತ ನನ್ನದೇ ಹೊಟ್ಟೆಯ ಚರ್ಮದ ಕೆಳಗಿಟ್ಟು ಹೊಲಿದರು. ಮೂರು ತಿಂಗಳು ಅಲ್ಲೇ ಇತ್ತು. ಮುಟ್ಟಿದರೆ ತಟ್ಟೆಯ ಅಂಚು ಸಿಕ್ಕಿದ ಹಾಗೆ ಸಿಗುತ್ತಿತ್ತು. ನೋಡೋಕೆ ಬಂದ ನೆಂಟರೆಲ್ಲ ತಲೆ ಬಿಟ್ಟು ಹೊಟ್ಟೆ ನೋಡಿಕೊಂಡು ಹೋಗುತ್ತಿದ್ದರು.

ಎಡಗಡೆ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಹೋಗುತ್ತೆ. ಮಾತಿನ ಅಂಗಡಿ ಇರುವುದೂ ಹೆಚ್ಚಿನವರಿಗೆ ಅಲ್ಲೇ. ಆದರೆ ಬೇರೆಯವರು ಆಡಿದ್ದೆಲ್ಲ ನನಗೆ ಅರ್ಥವಾಗುತ್ತಿತ್ತು. 'ಪಾಪ, ಬುದ್ಧಿ ಹೋಗಿದೆ' ಅಂತ ಪಕ್ಕದಲ್ಲೇ ನಿಂತು ಹೇಳುತ್ತಿದ್ದರಲ್ಲ, ಅದೂ ಅರ್ಥವಾಗುತ್ತಿತ್ತು.

ಮೈಸೂರಿನ ಮಾನಸಗಂಗೋತ್ರಿಯ 'ಸ್ಪೀಚ್ ಅಂಡ್ ಹಿಯರಿಂಗ್'ಗೆ ಕರೆದುಕೊಂಡು ಹೋದರು. 1965ರಲ್ಲಿ ಶುರುವಾದ ಸಂಸ್ಥೆ. ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಹೊರಟ ಎಷ್ಟೋ ತಾಯಂದಿರಿಗೆ ನಾನೇ ಟಿಕೆಟ್ ಹರಿದಿದ್ದೆ. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ.

ಅಲ್ಲಿದ್ದ ಮೇಡಂ ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮೇಜಿನ ಮೇಲೆ ಬೀಗದಕೈ, ಚಮಚ, ಬಾಚಣಿಗೆ ಇಟ್ಟರು. 'ಇದೇನಣ್ಣ?' ರೈಟ್. 'ಇದು?' ರೈಟ್. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಒಂದು ಹಳೇ ಕಥೆ ಹೇಳಿದರು. ಪ್ಯಾರಿಸ್ಸಿನಲ್ಲಿ ಬ್ರೋಕಾ ಅನ್ನೋ ಡಾಕ್ಟರ ಹತ್ತಿರ 1861ರಲ್ಲಿ ಒಬ್ಬ ರೋಗಿ ಬಂದಿದ್ದನಂತೆ. ಏನು ಕೇಳಿದರೂ 'ತಾನ್, ತಾನ್' ಅನ್ನುತ್ತಿದ್ದನಂತೆ. ಅವನು ಸತ್ತ ಮೇಲೆ ಮೆದುಳು ತೆಗೆದು ನೋಡಿದರೆ ಎಡಗಡೆ ಮುಂಭಾಗ ಹಾಳಾಗಿತ್ತಂತೆ. ಸತ್ತ ಮೇಲೆ ಅನ್ನೋದನ್ನ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನವಳ ಕಡೆ ತಿರುಗಿ 'ಇವರು ಏನು ಕೆಲಸ ಮಾಡ್ತಿದ್ರು?' ಅಂದರು. ಹೇಳಿದಳು. ಮೇಡಂ ಮೇಜು ತಟ್ಟಿ, 'ಹಂಗಾದ್ರೆ ಗಾಡಿ ಹೊರಡಿಸೋಣ. ಕೂಗಿ ಅಣ್ಣ, ಮೈಸೂರು...'

'ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ!'

ನನ್ನದೇ ದನಿ. ಅದೇ ರಾಗ. ನನ್ನವಳು ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲಾ ವಾಪಸ್ ಬಂತು ಅಂದುಕೊಂಡು ನಾನೇ ಚಮಚ ಎತ್ತಿ ಹಿಡಿದೆ. ಬಾಯಿ ತೆಗೆದೆ. ರೈಟ್.

ಮೇಡಂ ವಿವರಿಸಿದರು. ಯೋಚಿಸಿ ಆಡುವ ಮಾತು ಬೇರೆ, ಸಾವಿರ ಸಲ ಆಡಿ ಆಡಿ ತಾನಾಗೇ ಉರುಳುವ ಮಾತು ಬೇರೆ. ಒಂದು ಎರಡು ಮೂರು, ಸೋಮವಾರ ಮಂಗಳವಾರ, ಮಗ್ಗಿ, ದೇವರ ಹಾಡು, ಇವೆಲ್ಲ ಎಷ್ಟೋ ಸಲ ಉಳಿದುಕೊಳ್ಳುತ್ತವೆ. ಬೈಗುಳವೂ ಅಷ್ಟೇ. ಅದಕ್ಕೆ ನಾನೇ ಸಾಕ್ಷಿ. ಒಂದಿನ ಬಲಗಾಲಿಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ ಕಚ್ಚಿದಾಗ ನಮ್ಮೂರ ಕಡೆಯದೊಂದು ಪೂರ್ತಿಯಾಗಿ, ಸ್ಪಷ್ಟವಾಗಿ ಬಂತು. ಫಿಸಿಯೋ ಹುಡುಗ ಖುಷಿಯಾಗಿ 'ಇನ್ನೊಂದ್ಸಲ ಸರ್!' ಅಂದ. ಬರಲಿಲ್ಲ.

ಕೈಗೆ ಬೇರೆ ಪಾಠ. ಕಣ್ಣು ಮುಚ್ಚಿ, ಬಲಗೈಯಿಂದ ಡಬ್ಬಿಯೊಳಗಿನ ಚಿಲ್ಲರೆ ಮುಟ್ಟಿ ಇಂತಿಷ್ಟು ರೂಪಾಯಿದು ಅಂತ ಗುರುತಿಸಬೇಕು. ಹೇಳೋಕಾಗದ್ದಕ್ಕೆ ಎಡಗೈ ಬೆರಳು ಎಣಿಸಿ ತೋರಿಸುತ್ತಿದ್ದೆ. ಒಂದು ಕಾಲಕ್ಕೆ ಬ್ಯಾಗಿಗೆ ಕೈ ಹಾಕಿದರೆ ಕೇಳಿದಷ್ಟು ಚಿಲ್ಲರೆ ಬರುತ್ತಿತ್ತು. ಈಗ ಐದರ ಬಿಲ್ಲೆಯೂ ಅಂಗಿ ಗುಂಡಿಯೂ ಒಂದೇ.

ಮನೆಗೆ ಕೊಟ್ಟ ಅಭ್ಯಾಸ ಕೇಳೋಕೆ ಸುಲಭ: ಮೈಸೂರಿಂದ ಹೊರಟು ಮಂಡ್ಯದಲ್ಲಿ ನಿಲ್ಲಬೇಕು. ನಿಲ್ಲುವುದೇ ಆಗುತ್ತಿರಲಿಲ್ಲ. ನಾಲಿಗೆ ಸೀದಾ ಕೆಂಗೇರಿಗೇ ಹೋಗುತ್ತಿತ್ತು. ಎಕ್ಸ್‌ಪ್ರೆಸ್‌ವೇ ಆದಮೇಲೆ ಎಷ್ಟೋ ಗಾಡಿ ಊರೊಳಗೆ ಬರುವುದಿಲ್ಲ, ನನ್ನ ನಾಲಿಗೆಯೂ ಹಾಗೇ ಅಂತ ನನ್ನವಳು ರೇಗಿಸುತ್ತಿದ್ದಳು. 'ಮಂಡ್ಯ' ಅಂದ ತಕ್ಷಣ ತೊಡೆ ಹಿಂಡುತ್ತಿದ್ದಳು, ಬ್ರೇಕಿಗೆ. ನಿಲ್ಲೋಕೆ ಮೂರು ವಾರ ಹಿಡಿಯಿತು. ಮೊದಲೆರಡು ಊರನ್ನ ಮನಸ್ಸಲ್ಲೇ ಹೇಳಿಕೊಂಡು ಮೂರನೆಯದನ್ನ ಮಾತ್ರ ಹೊರಗೆ ಬಿಡೋಕೆ ಇನ್ನೂ ಒಂದು ತಿಂಗಳು.

ಹಾಗೆ ಒಂದು ಸಂಜೆ ಮೈಸೂರು ಸಬರ್ಬನ್ ಸ್ಟ್ಯಾಂಡಲ್ಲಿ ಬಸ್ ಹತ್ತಿದೆವು. ಡ್ರೈವರ್ ಹಿಂದಿನ ಸೀಟಲ್ಲೇ ಕೂತೆವು. ಇಂಜಿನ್ ಆನ್ ಆಗಿತ್ತು, ಗಾಡಿ ಹೊರಟಿರಲಿಲ್ಲ. ಕಂಡಕ್ಟರ್ ಹೊಸ ಹುಡುಗ. ನನ್ನವಳು ಆಧಾರ್ ತೋರಿಸಿದಳು, ಹೆಂಗಸರಿಗೆ ಫ್ರೀ. ನಾನು ಎಡಗೈಲಿ ಸ್ಟಾಫ್ ಕಾರ್ಡ್ ಹಿಡಿದೆ.

'ಎಲ್ಲಿಗೆ ಸರ್?'

ಅವಳು ಬಾಯಿ ತೆಗೆದಳು. ಮೊಣಕೈಲಿ ತಿವಿದೆ. ಮೈಸೂರು. ಶ್ರೀರಂಗಪಟ್ಟಣ. ಹುಡುಗ ಮಷಿನ್ ಹಿಡಿದುಕೊಂಡು ಕಾಯುತ್ತಾ ನಿಂತ.

'ಮಂಡ್ಯ.'

ಅವನಿಗೇನು ಗೊತ್ತು, ಸುಮ್ನೆ ತಲೆ ಆಡಿಸಿದ. ನನ್ನವಳು ಕಿಟಕಿ ಕಡೆ ಮುಖ ಮಾಡಿದಳು. ಹುಡುಗ ಕಾರ್ಡ್ ವಾಪಸ್ ಕೊಡುವಾಗ ನನ್ನ ತಲೆಯ ಹೊಲಿಗೆ ನೋಡಿ, 'ಏನಣ್ಣ ಇದು, ಹೆಂಗಾಯ್ತು?' ಅಂದ.

ಆ ಪ್ರಶ್ನೆಗೆ ನನ್ನ ಹತ್ತಿರ ಯಾವ ರೂಟೂ ಇರಲಿಲ್ಲ. ಆದರೂ ಬಾಯಿ ತೆಗೆದೆ.

'ರೈಟ್!'

ಡ್ರೈವರ್ ಹಿಂದೆ ತಿರುಗಿ ಕೂಡ ನೋಡಲಿಲ್ಲ. ಗೇರ್ ಹಾಕಿ ಗಾಡಿ ಎತ್ತಿದ.