ನಿಂತಿದ್ದಾಳೆ ಅನ್ನೋಕೆ ಇಷ್ಟು ಹೊತ್ತಾ?

ಕಳೆದ ನವೆಂಬರ್‌ನಲ್ಲಿ ಅಮ್ಮ ಇಂಗ್ಲೆಂಡಿಗೆ, ಸ್ಲೌ ಊರಿನ ನಮ್ಮನೆಗೆ ಬಂದಿದ್ದಳು. ನಾಲ್ಕೂವರೆಗೇ ಕತ್ತಲು, ಜೊತೆಗೆ ಮಳೆ. ಹಳೇ ಸಾಮಾನಿನ ಅಂಗಡಿಯಲ್ಲಿ 1 ಪೌಂಡಿಗೆ ಸಿಕ್ಕಿದ್ದ ಸೀಡಿಯನ್ನು ಸುಮ್ನೆ ಹಾಕಿದೆ. ಈಟನ್ ಕ್ವೈರ್‌ಬುಕ್ ಅನ್ನೋ ಹಳೇ ಕೈಬರಹದ ಪುಸ್ತಕದ ಚರ್ಚ್ ಹಾಡುಗಳು. ಹಾಡಿದ್ದು ಹ್ಯಾರಿ ಕ್ರಿಸ್ಟೋಫರ್ಸ್ ಅವರ 'ದಿ ಸಿಕ್ಸ್‌ಟೀನ್' ತಂಡ.

ಅಮ್ಮ ಊರಿನ ಭಜನಾ ಮಂಡಳಿಯವಳು. ಜಾನ್ ಬ್ರೌನ್ ಕಟ್ಟಿದ 'ಸ್ಟಾಬಾಟ್ ಮಾಟೆರ್' ಅನ್ನೋ ಲ್ಯಾಟಿನ್ ಹಾಡು ಶುರುವಾಗುತ್ತಿದ್ದಂತೆ ಬಲಗೈ ತಾನಾಗೇ ತೊಡೆ ಮೇಲೆ ಹೋಯಿತು. ಒಂದು ಏಟು, ಕಿರುಬೆರಳು, ಉಂಗುರಬೆರಳು... ಎರಡು ಸಲ ಎಣಿಸಿ ಬಿಟ್ಟುಬಿಟ್ಟಳು.

"ತಾಳ ಎಲ್ಲಿ ಕೂರುತ್ತೋ ಗೊತ್ತಾಗ್ತಿಲ್ಲ ಕಣೇ. ಏನು ಹೇಳ್ತಿದ್ದಾರೆ?"

"ಶಿಲುಬೆ ಹತ್ತಿರ ಮೇರಿ ತಾಯಿ ನಿಂತಿದ್ದಾಳೆ ಅಂತ."

"ನಿಂತಿದ್ದಾಳೆ ಅನ್ನೋಕೆ ಇಷ್ಟು ಹೊತ್ತಾ?"

ನಿಜವೇ. ಒಂದಕ್ಷರ ಹಿಡಿದರೆ ನಾವು ಅಕಾರದಲ್ಲಿ ಎಳೆದ ಹಾಗೆ ಎಳೆಯುತ್ತಾರೆ. ಅದೂ 6 ದನಿಗಳು, ಒಂದೊಂದಕ್ಕೂ ಬೇರೆ ದಾರಿ.

ಈ ಪುಸ್ತಕ ನಮ್ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಈಟನ್ ಕಾಲೇಜು ಅನ್ನೋ ಹುಡುಗರ ಶಾಲೆಯದೇ. 1500ರ ಆಸುಪಾಸಿನಲ್ಲಿ ಬರೆಸಿದ್ದು. ಒಂದೊಂದು ಪುಟ ಸುಮಾರು 60 ಸೆಂ.ಮೀ. ಎತ್ತರ. ಹುಡುಗರು, ದೊಡ್ಡವರು ಎಲ್ಲರೂ ಒಂದೇ ಪುಸ್ತಕದ ಸುತ್ತ ನಿಂತು ನೋಡಿ ಹಾಡಬೇಕಲ್ಲ, ಅದಕ್ಕೆ. ಮೊದಲು 93 ಕೃತಿ ಇದ್ದವು. ಈಗ ಉಳಿದಿರುವುದು 64, ಅದರಲ್ಲೂ ಕೆಲವು ಅರ್ಧಂಬರ್ಧ. ಇಂಗ್ಲೆಂಡಿನಲ್ಲಿ ಧರ್ಮದ ರೀತಿ ಬದಲಾದಾಗ ಇಂಥ ಪುಸ್ತಕಗಳು ಎಷ್ಟೋ ಹಾಳಾದವು. ಒಂದು ಹಾಡಿನ ಬಳಿ, ರಿಚರ್ಡ್ ಡೇವಿ ಇದನ್ನು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನಲ್ಲಿ ಒಂದೇ ದಿನದಲ್ಲಿ ಕಟ್ಟಿದ ಅಂತ ಬರೆದಿದೆ. ಬರೆದವನಿಗೂ ಅಚ್ಚರಿ ಆಗಿರಬೇಕು!

ಇದನ್ನೆಲ್ಲ ಅಮ್ಮನಿಗೂ ಹೇಳಿದೆ.

"ಹುಡುಗರು ಅಂದೆಯಲ್ಲ. ಇದು ಹೆಂಗಸರ ದನಿ ಅಲ್ವಾ?" ಅಮ್ಮನ ಕಿವಿ ಸುಳ್ಳು ಹೇಳಲ್ಲ. ಈ ತಂಡದಲ್ಲಿ ಹುಡುಗರು ಹಾಡುತ್ತಿದ್ದ ಆ ಮೇಲಿನ ದನಿಗೆ ಹೆಂಗಸರೇ.

ಆಮೇಲೆ ಒಂದು ಕಡೆ ಆ ಉದ್ದದ ಎಳೆತವೆಲ್ಲ ಕಡಿದುಹೋಯಿತು. ಒಂದೇ ಮಾತು, ಮತ್ತೆ ಮತ್ತೆ, ಗಟ್ಟಿಯಾಗಿ. ಅಮ್ಮ ಬತ್ತಿ ಹೊಸೆಯುತ್ತಿದ್ದವಳು ನಿಲ್ಲಿಸಿದಳು.

"ಜನ ಕೂಗ್ತಿದ್ದಾರೆ, ಅಲ್ವಾ?"

ಸೀಡಿಯ ಪುಸ್ತಿಕೆ ತೆಗೆದು ನೋಡಿದೆ. 'ಕ್ರೂಸಿಫಿಜೆ', ಶಿಲುಬೆಗೇರಿಸು ಅಂತ ಗುಂಪು ಕೂಗುವ ಸಾಲು. ಅದನ್ನೇ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಾಡು ಮತ್ತೆ ಎಳೆತಕ್ಕೆ ಇಳಿಯಿತು.

"ಆ ತಾಯಿ ಇನ್ನೂ ಅಲ್ಲೇ ನಿಂತಿದ್ದಾಳಾ?"

"ಹೂಂ" ಅಂದೆ. ಹಾಡು ಮುಗಿಯೋಕೆ ಇನ್ನೂ ಬೇಕಾದಷ್ಟಿತ್ತು.